ಹುಲಗು ಖಾನ್: ಕೇಳಿದ್ದೆಷ್ಟು, ನಡೆದದ್ದೆಷ್ಟು?

ಹೆಸರಲ್ಲಿ 'ಖಾನ್' ಇದೆಯೆಂದು ಹುಲಗುವನ್ನು ಮುಸ್ಲಿಂ ದೊರೆ ಎಂದೇ ನಂಬಿದವರು ನಮ್ಮಲ್ಲಿ ಬಹಳ. ಚೆಂಗೀಸ್ ಖಾನನ ಈ ಮೊಮ್ಮಗ, ಕುಬ್ಲಾಯಿಯ ತಮ್ಮ, ಮುಸ್ಲಿಮನಲ್ಲ. ತಾಯಿಯೂ ಪಟ್ಟದರಸಿ ದೋಖುಜ್ ಖಾತೂನಳೂ ಕ್ರೈಸ್ತರು. ಅವನ ಒಲವು ಬೌದ್ಧ ಧರ್ಮದತ್ತ. ಅವನು ಪರ್ಷಿಯಾದಲ್ಲಿ ಕಟ್ಟಿದ ಇಲ್‌ಖಾನ್ ರಾಜ್ಯ ಇಸ್ಲಾಮಿಗೆ ಹೊರಳಿದ್ದು 1295ರಲ್ಲಿ, ಮರಿಮಗ ಘಜಾನನ ಕಾಲಕ್ಕೆ.

ಬಾಗ್ದಾದಿನ ಸುಲಿಗೆ ಅವನೊಬ್ಬನ ಹುಚ್ಚಾಟ ಎಂಬುದೂ ಸರಿಯಲ್ಲ. ದಂಡಯಾತ್ರೆಗೆ ಕಳಿಸಿದ್ದು ಅಣ್ಣ, ಮಹಾಖಾನ್ ಮೋಂಗ್ಕೆ. ಮೊದಲ ಗುರಿ ನಿಜಾರಿ ಇಸ್ಮಾಯಿಲಿಗಳ ಬೆಟ್ಟದ ಕೋಟೆಗಳು. 1256ರ ಕೊನೆಗೆ ಅಲಮೂತ್ ಕೈಸೇರಿತು. ಆಮೇಲೆ ಶರಣಾಗಲು ಬಾಗ್ದಾದಿನ ಖಲೀಫ ಮುಸ್ತಾಸಿಮ್ ಒಪ್ಪದಿದ್ದಾಗ 1258ರ ಜನವರಿ ಕೊನೆಯಲ್ಲಿ ಬಾಗ್ದಾದಿಗೆ ಮುತ್ತಿಗೆ ಬಿತ್ತು. ಎರಡೇ ವಾರದಲ್ಲಿ ನಗರ ಬಿತ್ತು.

ಆ ಹತ್ಯಾಕಾಂಡವನ್ನು ಯಾರೂ ಹಗುರ ಮಾಡಬಾರದು. ಫ್ರಾನ್ಸಿನ ದೊರೆಗೆ 1262ರಲ್ಲಿ ಬರೆಸಿದ ಪತ್ರದಲ್ಲಿ ಹುಲಗು ತಾನೇ 2 ಲಕ್ಷ ಜನ ಸತ್ತರೆಂದು ಹೇಳಿಕೊಂಡ. ನಂತರದ ಬರಹಗಾರರು ಅದನ್ನು 8 ಲಕ್ಷಕ್ಕೂ ಮೇಲೇರಿಸಿದರು. ಖಲೀಫನನ್ನು ಚಿನ್ನದ ರಾಶಿಯ ನಡುವೆ ಕೂಡಿಹಾಕಿ ಉಪವಾಸ ಕೊಂದರೆಂಬುದು ಮಾರ್ಕೊ ಪೋಲೊ ಹೇಳಿ ಪ್ರಸಿದ್ಧವಾದ ಕಥೆ. ಜಮಖಾನದಲ್ಲಿ ಸುತ್ತಿ ಕುದುರೆಗಳಿಂದ ತುಳಿಸಿದರೆಂಬುದೇ ಇತಿಹಾಸಕಾರರಿಗೆ ಹೆಚ್ಚು ನಂಬಲರ್ಹ: ರಾಜರಕ್ತ ನೆಲಕ್ಕೆ ಬೀಳಬಾರದೆಂಬುದು ಮಂಗೋಲರ ಕಟ್ಟಳೆ.

ವಿದ್ಯೆಯ ವೈರಿ ಎಂಬ ಹಣೆಪಟ್ಟಿ ಮಾತ್ರ ನನಗೆ ಅತ್ಯಂತ ಅನ್ಯಾಯವಾಗಿ ಕಾಣುತ್ತದೆ. ಬಾಗ್ದಾದಿನ ಗ್ರಂಥಭಂಡಾರಗಳು ಹಾಳಾದದ್ದು ನಿಜ. ಆದರೆ ಮರುವರ್ಷವೇ, 1259ರಲ್ಲಿ, ವಾಯವ್ಯ ಇರಾನಿನ ಮರಾಘಾದ ಗುಡ್ಡದ ಮೇಲೆ ಅವನದೇ ಖಜಾನೆಯ ಹಣದಿಂದ ವೀಕ್ಷಣಾಲಯ ಏಳತೊಡಗಿತು. ಅದನ್ನು ನಡೆಸಿದವನು ಇಸ್ಮಾಯಿಲಿಗಳ ಕೋಟೆಯಲ್ಲಿ ಸಿಕ್ಕ ಪಂಡಿತ ನಸೀರುದ್ದೀನ್ ತೂಸಿ. ಅಲ್ಲಿ ದೊಡ್ಡ ಪುಸ್ತಕಭಂಡಾರವಿತ್ತು; ಚೀನಾದ ಜ್ಯೋತಿರ್ವಿದರೂ ಇದ್ದರು. ಗೋಡೆಗೆ ಜೋಡಿಸಿದ ಭಾರೀ ಕಮಾನು ಉಪಕರಣಗಳಿಂದ ಗ್ರಹಗತಿ ಅಳೆದು ಅವರು ತಯಾರಿಸಿದ ಇಲ್‌ಖಾನಿ ಕೋಷ್ಟಕಗಳು ಹುಲಗುವಿನ ಮಗ ಅಬಾಖಾನ ಕಾಲದಲ್ಲಿ ಪೂರ್ತಿಯಾದವು. ಭವಿಷ್ಯ ಹೇಳಿಸಿಕೊಳ್ಳುವ ಆಸೆ ದೊರೆಗೆ ಇತ್ತು, ನಿಜ. ಹಾಗೆಂದು ಆ ಗಣಿತದ ಬೆಲೆ ಕುಂದುವುದಿಲ್ಲ.

1260ರ ಸೆಪ್ಟೆಂಬರಿನಲ್ಲಿ ಐನ್ ಜಾಲೂತ್‌ನಲ್ಲಿ ಈಜಿಪ್ಟಿನ ಮಾಮಲೂಕರ ಕೈಲಿ ಸೋತವನೂ ಹುಲಗು ಅಲ್ಲ, ಅವನ ದಳಪತಿ ಕಿತ್ಬುಖಾ. ಮೋಂಗ್ಕೆ ತೀರಿಕೊಂಡ ಸುದ್ದಿ ಬಂದ ಮೇಲೆ ಹುಲಗು ಹೆಚ್ಚಿನ ಪಡೆಯೊಂದಿಗೆ ಸಿರಿಯಾದಿಂದ ಹಿಂದೆ ಸರಿದಿದ್ದ. ಆಮೇಲೆ ಸೇಡು ತೀರಿಸಲು ಅವನಿಗೆ ಪುರುಸೊತ್ತೇ ಆಗಲಿಲ್ಲ. ಇಸ್ಲಾಂ ಸ್ವೀಕರಿಸಿದ್ದ ದಾಯಾದಿ ಬೆರ್ಕೆ ಉತ್ತರದಿಂದ ಅವನ ಮೇಲೆ ತಿರುಗಿಬಿದ್ದ, ಮಾಮಲೂಕರ ಜೊತೆ ಕೈಜೋಡಿಸಿದ. ಕಾಕಸಸ್‌ನಲ್ಲಿ ಮಂಗೋಲರೇ ಮಂಗೋಲರನ್ನು ಕೊಂದರು. 1265ರಲ್ಲಿ ಸಾಯುವವರೆಗೂ ಹುಲಗುವಿಗೆ ಆ ಜಗಳ ಬಗೆಹರಿಯಲಿಲ್ಲ.