ಅಲಂಕಾರದ ಹುಲ್ಲು ಸಂತೆಗೆ ಹೊರಟಾಗ

ದನಕರುಗಳ ಮೇವಿಗಾಗಿ ಹುಲ್ಲನ್ನು ಹಣ ಕೊಟ್ಟು ಕೊಳ್ಳುವುದುಂಟು. ಮಾಡಿಗೆ ಹೊದಿಸಲೆಂದು ಕೊಳ್ಳುವುದೂ ಉಂಟು. ಆದರೆ ಬರಿಯ ನೋಟದ ಸೊಗಸಿಗಾಗಿ ಹುಲ್ಲನ್ನು ಕುಂಡದಲ್ಲಿ ನೆಟ್ಟು ಮಾರುವರೆಂದರೆ ನಮ್ಮಲ್ಲಿ ಅನೇಕರಿಗೆ ಆಶ್ಚರ್ಯವಾದೀತು. ಅಮೆರಿಕ ಸಂಯುಕ್ತ ಸಂಸ್ಥಾನದ ಊರುಗಳಲ್ಲಿ ಇದು ವಾಡಿಕೆಯ ಸಂಗತಿ. ವಸಂತ ಋತು ಬಂದೊಡನೆ, ಸಾಮಾನ್ಯವಾಗಿ ಮೇ ತಿಂಗಳಿನಲ್ಲಿ, ಅಲ್ಲಿನ ತೋಟಗಾರರ ಸಂಘಗಳು ಸಸಿಗಳ ಸಂತೆಯನ್ನು ಏರ್ಪಡಿಸುತ್ತವೆ. ಸದಸ್ಯರು ತಮ್ಮ ಹಿತ್ತಿಲಲ್ಲಿ ಹೆಚ್ಚಾದ ಗಿಡಗಳನ್ನು ಅಗೆದು, ಕುಂಡಗಳಲ್ಲಿ ನೆಟ್ಟು ತರುತ್ತಾರೆ. ಬಂದ ಹಣ ಸಂಘದ ಕೆಲಸಕ್ಕೆ ಸಲ್ಲುತ್ತದೆ. ಹೂಗಿಡಗಳ ಸಾಲಿನಲ್ಲಿ ಅಲಂಕಾರದ ಹುಲ್ಲುಗಳಿಗೂ ಸ್ಥಾನವುಂಟು. ಎದೆಯೆತ್ತರ ಬೆಳೆದು, ಬೆಳ್ಳಿಯ ಚಾಮರದಂಥ ತೆನೆಗಳನ್ನು ಹೊತ್ತು, ಒಣಗಿದ ಮೇಲೂ ಚಳಿಗಾಲದುದ್ದಕ್ಕೂ ಚೆಲುವಾಗಿ ನಿಲ್ಲುವುದು ಅವುಗಳ ಗುಣ.

ಮೇಲ್ನೋಟಕ್ಕೆ ಇದು ಸರಳವಾದ ವ್ಯಾಪಾರ. ಆದರೆ ಕುಂಡವೊಂದು ಕೈಯಿಂದ ಕೈಗೆ ಹೋಗುವಾಗ ಆ ಹುಲ್ಲಿನ ಸಂತಾನಶಕ್ತಿಯೂ ಅದರೊಡನೆ ಹೊಸ ನೆಲಕ್ಕೆ ಹೋಗುತ್ತದೆ. ಆದುದರಿಂದ ಮಾರುವವರು ಮೊದಲು ತಿಳಿಯಬೇಕಾದುದು ಬೆಲೆಯನ್ನಲ್ಲ. ತಮ್ಮ ಹುಲ್ಲು ಹೇಗೆ ವೃದ್ಧಿಯಾಗುತ್ತದೆಂಬುದನ್ನು.

ರಾಗಿ ಅಥವಾ ಭತ್ತದ ಪೈರು ತೆಂಡೆ ಒಡೆಯುವುದನ್ನು ಓದುಗರು ಕಂಡಿರಬಹುದು. ಕಾಂಡದ ಬುಡದಲ್ಲಿ ಗೆಣ್ಣುಗಳು ಒತ್ತಾಗಿರುತ್ತವೆ. ಒಂದೊಂದು ಗೆಣ್ಣಿನಲ್ಲಿಯೂ ಒಂದು ಮೊಗ್ಗು ಅಡಗಿರುತ್ತದೆ. ಆ ಮೊಗ್ಗು ಚಿಗುರಿ ಹೊಸ ತೆಂಡೆಯಾಗುತ್ತದೆ. ತೆಂಡೆ ತನ್ನ ಬುಡದಿಂದ ತನ್ನದೇ ಬೇರುಗಳನ್ನು ಇಳಿಬಿಡುತ್ತದೆ. ಹೀಗೆ ಹುಲ್ಲಿನ ಒಂದು ಪೊದೆಯೆಂದರೆ ಒಂದೇ ಗಿಡವೂ ಹೌದು, ಬೇರೆಯಾಗಿ ಬಾಳಬಲ್ಲ ನೂರು ಗಿಡಗಳ ಕೂಟವೂ ಹೌದು. ಬಹುವಾರ್ಷಿಕ ಹುಲ್ಲುಗಳಲ್ಲಿ ಹೊಸ ತೆಂಡೆಗಳು ಅಂಚಿನತ್ತ ಹಬ್ಬುತ್ತವೆ. ಕೆಲವು ವರ್ಷಗಳಲ್ಲಿ ನಡುಭಾಗ ಸತ್ತು, ಪೊದೆ ಬಳೆಯಾಕಾರವನ್ನು ತಾಳುತ್ತದೆ. ಇದೇ ಅಗೆದು ಹಂಚಲು ತಕ್ಕ ಕಾಲ. ಹಳೆಯ ಪೊದೆಗಳು ಎಷ್ಟು ಗಟ್ಟಿಯಾಗಿರುತ್ತವೆಯೆಂದರೆ, ಸನಿಕೆ ಸಾಲದೆ ಗರಗಸವನ್ನೋ ಕೊಡಲಿಯನ್ನೋ ಹಿಡಿಯಬೇಕಾಗುತ್ತದೆ. ಸತ್ತ ನಡುಭಾಗವನ್ನು ಎಸೆದು, ಬೇರುಸಹಿತವಾದ ಕೆಲವು ತೆಂಡೆಗಳಿರುವ ಹೋಳುಗಳನ್ನು ಬೇರೆ ಬೇರೆ ಕುಂಡಗಳಲ್ಲಿ ನೆಡುತ್ತಾರೆ. ಹೋಳಿನಿಂದ ಬಂದ ಗಿಡ ಗುಣದಲ್ಲಿ ತಾಯಿಯ ಪಡಿಯಚ್ಚು.

ಹೋಳು ಮಾಡುವುದಕ್ಕೂ ಋತುವುಂಟು. ಹುಲ್ಲುಗಳಲ್ಲಿ ತಂಪುಕಾಲದವು, ಬಿಸಿಲುಕಾಲದವು ಎಂದು ಎರಡು ಬಗೆ. ಬಿಸಿಲುಕಾಲದ ಹುಲ್ಲುಗಳು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಮೊದಲು ನಾಲ್ಕು ಇಂಗಾಲದ ಪರಮಾಣುಗಳುಳ್ಳ ಆಮ್ಲವಾಗಿ ಹಿಡಿದಿಟ್ಟು, ಆಮೇಲೆ ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಕಬ್ಬಿನಲ್ಲಿ ಕಂಡ ಈ ಮಾರ್ಗವನ್ನು ಆಸ್ಟ್ರೇಲಿಯದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು 1966ರಲ್ಲಿ ವಿವರಿಸಿದರು. ಈ ವ್ಯವಸ್ಥೆ ಬೇಗೆಯಲ್ಲಿ ಅನುಕೂಲ, ಚಳಿಯಲ್ಲಿ ಅಲ್ಲ. ಆದುದರಿಂದ ಇಂಥ ಹುಲ್ಲುಗಳು ನೆಲ ಕಾದ ಮೇಲೆಯೇ ಚಿಗುರುತ್ತವೆ. ವಸಂತದ ಸಂತೆಯಲ್ಲಿ ಅವು ಒಣಹುಲ್ಲಿನ ಕೂಳೆಯಂತೆ ಕಾಣುತ್ತವೆ. ಕೊಳ್ಳಲು ಬಂದವರು ಪಕ್ಕದ ಹೂವಿನತ್ತ ಸಾಗುತ್ತಾರೆ. ಬಲ್ಲ ಮಾರಾಟಗಾರರು ಶರತ್ಕಾಲದಲ್ಲಿ ತೆಗೆದ ಚಿತ್ರವನ್ನು ಕುಂಡಕ್ಕೆ ಸಿಕ್ಕಿಸಿಡುವುದು ಇದಕ್ಕಾಗಿ.

ಇನ್ನು ಬೀಜದ ಮಾತು. ತೊಂದರೆಯ ಮೂಲ ಇರುವುದು ಇಲ್ಲಿ. ಚೀನ, ಜಪಾನ್, ಕೊರಿಯಗಳಿಂದ ಬಂದ ಮಿಸ್ಕ್ಯಾಂಥಸ್ ಸೈನೆನ್ಸಿಸ್ ಎಂಬ ಹುಲ್ಲು ಅಮೆರಿಕದ ತೋಟಗಳಲ್ಲಿ ಬಹು ಪರಿಚಿತ. ಅದು ನಮ್ಮ ಕಬ್ಬಿನ ಹತ್ತಿರದ ಬಂಧು. ಒಂದೇ ಗಿಡದ ಪರಾಗ ಅದೇ ಗಿಡದ ಹೂವಿನಲ್ಲಿ ಫಲಿಸುವುದು ಬಹಳ ಕಡಮೆ. ಒಂದು ಪೊದೆಯಿಂದ ಮಾಡಿದ ಹೋಳುಗಳೆಲ್ಲವೂ ವಾಸ್ತವದಲ್ಲಿ ಒಂದೇ ಗಿಡವಾದುದರಿಂದ, ಅವನ್ನಷ್ಟೇ ಬೆಳೆಸಿದ ತೋಟದಲ್ಲಿ ಬೀಜ ಕಟ್ಟುವುದು ವಿರಳ. ಆದರೆ ಎರಡು ಬೇರೆ ತಳಿಗಳು ಹತ್ತಿರದಲ್ಲಿ ನಿಂತು, ಒಂದೇ ಕಾಲಕ್ಕೆ ಹೂಬಿಟ್ಟರೆ ಬೀಜ ಹೇರಳವಾಗುತ್ತದೆ. ಸಂತೆ ಮಾಡುವುದು ಇದನ್ನೇ: ಬೇರೆ ಬೇರೆ ಹಿತ್ತಿಲುಗಳಲ್ಲಿದ್ದ ತಳಿಗಳನ್ನು ಒಂದೇ ಬೀದಿಗೆ ತಂದು ಸೇರಿಸುತ್ತದೆ. ಕೂದಲಿನಂಥ ಎಳೆಗಳುಳ್ಳ ಬೀಜ ಗಾಳಿಯಲ್ಲಿ ತೇಲಿ ರಸ್ತೆಯ ಅಂಚು, ಕಾಡಿನ ಅಂಚುಗಳನ್ನು ಸೇರುತ್ತದೆ. ಅಲ್ಲಿ ಬೆಳೆದ ಸಸಿಗಳು ತಾಯಿಯಂತೆ ಇರುವುದೂ ಇಲ್ಲ. ಅವನ್ನು ತಾಯಿಯ ತಳಿಯ ಹೆಸರಿನಲ್ಲಿ ಮಾರುವುದು ಸುಳ್ಳು ಹೇಳಿದಂತೆ. ನ್ಯೂಯಾರ್ಕ್ ರಾಜ್ಯದ ನಿಯಮಗಳು ಈ ಹುಲ್ಲನ್ನು ಮಾರುವಾಗ ಆಕ್ರಮಣಶೀಲವೆಂಬ ಎಚ್ಚರಿಕೆಯ ಚೀಟಿಯನ್ನು ವಿಧಿಸಿವೆ.

ಸಾಧಾರಣವಾಗಿ ಜೀವಕೋಶದಲ್ಲಿ ವರ್ಣತಂತುಗಳ ಎರಡು ವೃಂದಗಳಿರುತ್ತವೆ. ಮೂರು ವೃಂದಗಳಿದ್ದರೆ ಪರಾಗ ಮತ್ತು ಅಂಡಗಳಿಗೆ ಸರಿಪಾಲು ಹಂಚಲಾಗದೆ ಬೀಜ ಜೊಳ್ಳಾಗುತ್ತದೆ. ನಾವು ತಿನ್ನುವ ಬಾಳೆಯ ಬಹುಪಾಲು ತಳಿಗಳಲ್ಲಿ ಬೀಜವಿಲ್ಲದಿರುವುದಕ್ಕೆ ಇದೂ ಒಂದು ಕಾರಣ. ಮಿಸ್ಕ್ಯಾಂಥಸ್ಸಿನಲ್ಲಿಯೂ ಇಂಥ ತಳಿಗಳನ್ನು ಉತ್ತರ ಕ್ಯಾರೊಲಿನಾ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಸೃಷ್ಟಿಸಿದ್ದಾರೆ. ಆದರೆ ಈ ನಿಯಮವನ್ನು ಕುರುಡಾಗಿ ನಂಬುವಂತಿಲ್ಲ. ಉತ್ತರ ಆಫ್ರಿಕ ಮೂಲದ ಕಾರಂಜಿ ಹುಲ್ಲಿನಲ್ಲಿ ಮೂರು ವೃಂದಗಳಿದ್ದರೂ ಅದು ಪರಾಗದ ಹಂಗಿಲ್ಲದೆ ಬೀಜ ಕಟ್ಟುತ್ತದೆ. ಒಂದೇ ಗಿಡ ಸಾಕು. 20ನೆಯ ಶತಮಾನದ ಆದಿಯಲ್ಲಿ ಅಲಂಕಾರಕ್ಕೆಂದು ಹವಾಯಿ ದ್ವೀಪಗಳಿಗೆ ತಂದ ಈ ಹುಲ್ಲು ಒಣಸೀಮೆಯ ಲಾವಾ ನೆಲವನ್ನೆಲ್ಲ ಆವರಿಸಿತು. ಒಣಗಿದಾಗ ಅದು ಬೆಂಕಿಗೆ ಆಹಾರ. ಬೆಂಕಿಯಲ್ಲಿ ನಾಡಮರಗಳು ಸಾಯುತ್ತವೆ, ಹುಲ್ಲು ಮತ್ತೆ ಚಿಗುರುತ್ತದೆ. ಮುಂದಿನ ಬೆಂಕಿಗೆ ಇನ್ನಷ್ಟು ಹುಲ್ಲು ಸಿದ್ಧವಾಗಿರುತ್ತದೆ. ಐರೋಪ್ಯ ಒಕ್ಕೂಟ 2017ರಲ್ಲಿ ಅದನ್ನು ನಿಷಿದ್ಧ ಜಾತಿಗಳ ಪಟ್ಟಿಗೆ ಸೇರಿಸಿತು.

ಇದಕ್ಕೆ ಪ್ರತಿಯಾದ ಉದಾಹರಣೆಯೂ ಉಂಟು. ಜರ್ಮನಿಯ ಸಸಿತೋಟಗಾರ ಕಾರ್ಲ್ ಫರ್ಸ್ಟರ್ (1874–1970) ಅವರ ಹೆಸರನ್ನು ಹೊತ್ತ ಹುಲ್ಲು ಎರಡು ಜಾತಿಗಳ ಸಂಕರ. ಅದು ಮೊಳೆಯಬಲ್ಲ ಬೀಜ ಕಟ್ಟುವುದೇ ಇಲ್ಲವೆನ್ನಬಹುದು; ಲೋಕದ ತೋಟಗಳಲ್ಲಿರುವ ಆ ತಳಿಯ ಗಿಡಗಳೆಲ್ಲ ಒಂದೇ ಮೂಲದ ತುಣುಕುಗಳು. ಅಮೆರಿಕದ ಬಹುವಾರ್ಷಿಕ ಸಸ್ಯಗಳ ಸಂಘ ಅದನ್ನು 2001ರ ಸಸ್ಯವಾಗಿ ಆರಿಸಿತು. ಇಂಥ ಹುಲ್ಲಿನ ಅನುಭವ ನಮ್ಮ ನಾಡಿಗೂ ಹೊಸದಲ್ಲ. ದಕ್ಷಿಣ ಭಾರತದಲ್ಲಿ ಬೆಳೆಸುವ ಲಾವಂಚದ ಬೀಜ ಮೊಳೆಯುವುದು ವಿರಳ. ಬುಡದ ಹೋಳುಗಳನ್ನೇ ನೆಡಬೇಕು. ಗುಂಡ್ಲುಪೇಟೆಯ ರೈತರು ಬಹುಕಾಲದಿಂದ ಹೊಲದ ಎಲ್ಲೆಗೆ ಅದನ್ನು ನೆಡುತ್ತ ಬಂದಿದ್ದಾರೆ. ನೆಟ್ಟಲ್ಲಿಯೇ ನಿಂತು ಪಕ್ಕದ ಹೊಲಕ್ಕೆ ಕಾಲಿಡದ ಹುಲ್ಲೇ ಎಲ್ಲೆಗೆ ತಕ್ಕುದಲ್ಲವೆ?

ಕುಂಡದಲ್ಲಿ ಹುಲ್ಲಿನೊಡನೆ ಮಣ್ಣೂ ಹೋಗುತ್ತದೆಂಬುದನ್ನು ಮರೆಯಬಾರದು. ಏಷ್ಯದಿಂದ ಬಂದ, ಮುಟ್ಟಿದರೆ ಜಿಗಿಯುವಂಥ ಎರೆಹುಳುಗಳು ಅಮೆರಿಕದ ಕಾಡುಗಳ ತರಗೆಲೆಯ ಹೊದಿಕೆಯನ್ನು ತಿಂದು ಮುಗಿಸುತ್ತಿವೆ. ಗಂಡಿನ ನೆರವಿಲ್ಲದೆಯೂ ಸಂತಾನ ಪಡೆಯಬಲ್ಲ ಆ ಹುಳುವಿನ ಮೊಟ್ಟೆಗೂಡು ಸಾಸಿವೆ ಕಾಳಿನಷ್ಟು ಚಿಕ್ಕದು. ಮಣ್ಣಿನಲ್ಲಿ ಗುರುತಿಸುವುದು ಕಷ್ಟ. ಆದುದರಿಂದ ಅನೇಕ ಸಂಘಗಳು, ಬೇರಿನ ಮಣ್ಣನ್ನು ಪೂರ್ತಿ ತೊಳೆದು, ಹೊಸದಾಗಿ ಕೊಂಡ ಕುಂಡದ ಮಣ್ಣಿನಲ್ಲಿ ನೆಟ್ಟ ಗಿಡಗಳನ್ನು ಮಾತ್ರ ಸಂತೆಗೆ ತರಬೇಕೆಂದು ನಿಯಮ ಮಾಡಿವೆ. ಕಾನೂನಿನ ಕಟ್ಟೂ ಒಂದುಂಟು. ಅಮೆರಿಕದಲ್ಲಿ 1930ರಿಂದ ಹೊಸ ತಳಿಗಳಿಗೆ ಪೇಟೆಂಟ್ ದೊರೆಯುತ್ತದೆ. ಅದರ ಅವಧಿ ಮುಗಿಯುವವರೆಗೆ ಆ ತಳಿಯನ್ನು ಹೋಳು ಮಾಡಿ ಮಾರಲು ಒಡೆಯರ ಅನುಮತಿ ಬೇಕು.

ಹೀಗಾಗಿ ಕುಂಡದ ಚೀಟಿಯಲ್ಲಿ ನಾಲ್ಕು ಸಂಗತಿಗಳಿರುವುದು ಲೇಸು: ಸರಿಯಾದ ಹೆಸರು, ಬೆಳೆಯುವ ಎತ್ತರ, ಚಿಗುರುವ ಕಾಲ, ಬೀಜದಿಂದ ಹರಡುತ್ತದೆಯೆ ಇಲ್ಲವೆ ಎಂಬ ವಿವರ. ಹೆಸರು ತಿಳಿಯದ ಹುಲ್ಲು ಎಷ್ಟು ಚೆಲುವಾಗಿದ್ದರೂ ಸಂತೆಗೆ ಹೋಗದಿರುವುದೇ ಒಳ್ಳೆಯದು.

ಈ ವಿಷಯವನ್ನು ಪ್ರತ್ಯಕ್ಷವಾಗಿ ಅರಿಯಲು ವಿದ್ಯಾರ್ಥಿಗಳು ದೂರ ಹೋಗಬೇಕಾಗಿಲ್ಲ. ಹಿತ್ತಿಲಲ್ಲಿ ಮಜ್ಜಿಗೆಹುಲ್ಲಿನ ಪೊದೆಯಿದ್ದರೆ ಒಂದು ಭಾಗವನ್ನು ಅಗೆದು, ಬೇರನ್ನು ತೊಳೆದು, ತೆಂಡೆಗಳನ್ನು ಎಣಿಸಿ ನೋಡಬಹುದು. ತೋಟದಲ್ಲಿ ಅದು ಹೂಬಿಡುವುದು ಅಪರೂಪ. ಮೂರು ತೆಂಡೆಗಳ ಒಂದು ಹೋಳನ್ನು ಕುಂಡದಲ್ಲಿ ನೆಟ್ಟು, ಎಲೆಗಳನ್ನು ಗೇಣುದ್ದಕ್ಕೆ ಕತ್ತರಿಸಿ, ನೆರಳಿನಲ್ಲಿಟ್ಟು ನೀರೆರೆದರೆ ಕೆಲವು ವಾರಗಳಲ್ಲಿ ಹೊಸ ಚಿಗುರು ಕಾಣುತ್ತದೆ. ಅದು ಯಾವ ಗೆಣ್ಣಿನಿಂದ ಹೊರಟಿತೆಂಬುದನ್ನು ಗುರುತಿಸಿ ಬರೆದಿಡಿ.