ಬಾಗಿಲು ತಟ್ಟದೆ ಬರುವ ಪಾರ್ಸೆಲ್

ಪಾರ್ಸೆಲ್ ಲಾಕರ್ ಎಂದರೆ ಹತ್ತಾರು ಖಾನೆಗಳಿರುವ, ಕಂಪ್ಯೂಟರ್ ನಿಯಂತ್ರಿಸುವ ಉಕ್ಕಿನ ಬೀರು. ಆನ್‌ಲೈನ್‌ನಲ್ಲಿ ತರಿಸಿದ ಸಾಮಾನನ್ನು ಕೊರಿಯರ್‌ನವರು ಅದರ ಒಂದು ಖಾನೆಯಲ್ಲಿ ಇಟ್ಟು ಹೋಗುತ್ತಾರೆ. ತರಿಸಿಕೊಂಡವರು ಬಿಡುವಾದಾಗ ಬಂದು, ಮೊಬೈಲಿಗೆ ಬಂದ ಸಂಖ್ಯೆಯನ್ನು ಒತ್ತಿ ತೆಗೆದುಕೊಳ್ಳುತ್ತಾರೆ. ಕೊಡುವವರೂ ಪಡೆಯುವವರೂ ಒಂದೇ ಹೊತ್ತಿಗೆ ಮನೆ ಬಾಗಿಲಲ್ಲಿ ಎದುರುಬದುರಾಗಬೇಕು ಎಂಬ ಕಟ್ಟುಪಾಡನ್ನು ಈ ಬೀರು ಬಿಡಿಸುತ್ತದೆ. ಅದರ ಮುಖ್ಯ ಉಪಯೋಗ ಅದೇ.

ಸಾಗಣೆಯವರಿಗೆ ಹೆಚ್ಚು ಖರ್ಚು ತರುವುದು ಗೋದಾಮಿನಿಂದ ಗೋದಾಮಿಗೆ ಓಡುವ ಲಾರಿಯಲ್ಲ, ಕೊನೆಯ ಕೆಲವು ಕಿಲೋಮೀಟರ್. ಒಂದೊಂದು ಪೊಟ್ಟಣಕ್ಕೂ ಗಾಡಿ ನಿಲ್ಲಿಸಬೇಕು, ಮೆಟ್ಟಿಲು ಹತ್ತಬೇಕು, ಬೆಲ್ ಮಾಡಿ ಕಾಯಬೇಕು. ಮನೆಗೆ ಬೀಗ ಹಾಕಿದ್ದರೆ ಅಷ್ಟೂ ಶ್ರಮ ವ್ಯರ್ಥ, ಮಾರನೇ ದಿನ ಮತ್ತೆ ಅದೇ ಸುತ್ತು. ಜಪಾನಿನ ಸರ್ಕಾರ 2017ರ ಅಕ್ಟೋಬರಿನಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ 15.5ರಷ್ಟು ಪಾರ್ಸೆಲ್‌ಗಳಿಗೆ ಇಂಥ ಎರಡನೇ ಸುತ್ತು ಬೇಕಾಗಿತ್ತು. ಕೋವಿಡ್ ಕಾಲದಲ್ಲಿ ಜನ ಮನೆಯಲ್ಲೇ ಉಳಿದಾಗ ಈ ಪ್ರಮಾಣ ತಾನಾಗಿಯೇ ಇಳಿಯಿತು. ಅಂದರೆ ತೊಂದರೆ ವಿಳಾಸದ್ದಲ್ಲ, ಹೊತ್ತಿನದ್ದು. 2024ರ ಏಪ್ರಿಲ್‌ನಿಂದ ಅಲ್ಲಿ ಲಾರಿ ಚಾಲಕರ ಹೆಚ್ಚುವರಿ ದುಡಿಮೆಗೆ ವರ್ಷಕ್ಕೆ 960 ಗಂಟೆಯ ಮಿತಿ ಬಂದ ಮೇಲೆ, ಒಂದೇ ಪೊಟ್ಟಣವನ್ನು ಎರಡು ಸಲ ಹೊತ್ತು ತಿರುಗುವುದು ಇಡೀ ದೇಶ ತಲೆಕೆಡಿಸಿಕೊಳ್ಳುವ ವಿಷಯವಾಗಿದೆ.

ಲಾಕರಿನ ಒಳಗಿನ ವ್ಯವಸ್ಥೆ ಅಷ್ಟೇನೂ ಜಟಿಲವಲ್ಲ. ಪ್ರತಿ ಖಾನೆಯ ಬಾಗಿಲಿಗೆ ವಿದ್ಯುತ್ತಿನಿಂದ ತೆರೆಯುವ ಬೀಗ, ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂದು ತಿಳಿಸುವ ಸೆನ್ಸರ್, ನಡುವೆ ಒಂದು ಪರದೆ ಮತ್ತು ಸ್ಕ್ಯಾನರ್, ಒಳಗೆ ಮೊಬೈಲ್ ಸಿಮ್ ಹಾಕಿದ ಮೋಡೆಮ್. ಕೊರಿಯರ್‌ನವರು ಪೊಟ್ಟಣದ ಬಾರ್‌ಕೋಡ್ ತೋರಿಸಿದೊಡನೆ ಅದರ ಅಳತೆಗೆ ತಕ್ಕ ಖಾಲಿ ಖಾನೆಯ ಬಾಗಿಲು ಟಕ್ಕೆಂದು ಸಡಿಲಾಗಿ ತೆರೆದುಕೊಳ್ಳುತ್ತದೆ. ಇಟ್ಟು ಮುಚ್ಚಿದ ಕೂಡಲೇ ಯಾವ ಪಾರ್ಸೆಲ್, ಯಾವ ಖಾನೆ, ಎಷ್ಟು ಹೊತ್ತಿಗೆ ಎಂಬುದು ಸರ್ವರ್‌ನಲ್ಲಿ ದಾಖಲಾಗಿ, ಪಡೆಯುವವರ ಮೊಬೈಲಿಗೆ ಒಂದು ಸಂಖ್ಯೆಯೋ ಕ್ಯೂಆರ್ ಕೋಡೋ ಹೋಗುತ್ತದೆ. ಅದು ಆ ಒಂದು ಬಾಗಿಲನ್ನು ಮಾತ್ರ ತೆರೆಯುತ್ತದೆ, ಅದೂ ಒಂದೇ ಸಲ. ಬ್ಯಾಂಕಿನ ಲಾಕರಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ: ಇಲ್ಲಿ ಯಾವ ಖಾನೆಯೂ ಯಾರ ಸ್ವಂತದ್ದೂ ಅಲ್ಲ. ಬೆಳಿಗ್ಗೆ ಒಬ್ಬರ ಚಪ್ಪಲಿ ಇದ್ದ ಜಾಗದಲ್ಲಿ ಸಂಜೆ ಇನ್ನೊಬ್ಬರ ಔಷಧಿ ಇರುತ್ತದೆ.

ಈ ಪದ್ಧತಿಯನ್ನು ದೊಡ್ಡ ಮಟ್ಟದಲ್ಲಿ ಬೇರೂರಿಸಿದ್ದು ಜರ್ಮನಿ. ಅಲ್ಲಿನ ಅಂಚೆ ಸಂಸ್ಥೆ ಡಾಯ್ಚ ಪೋಸ್ಟ್ 2001ರಲ್ಲಿ ಡಾರ್ಟ್‌ಮುಂಡ್ ಮತ್ತು ಮೈಂಝ್ ನಗರಗಳಲ್ಲಿ 'ಪ್ಯಾಕ್‌ಸ್ಟೇಷನ್' ಎಂಬ ಹೆಸರಿನಲ್ಲಿ ಪ್ರಯೋಗ ನಡೆಸಿತು. ಮೊದಮೊದಲು ಗ್ರಾಹಕರಿಗೆ ಒಂದು ಕಾರ್ಡ್ ಮತ್ತು ಬದಲಾಗದ ಒಂದು ಪಿನ್ ಕೊಡುತ್ತಿದ್ದರು. ಕಳ್ಳರು ಸುಳ್ಳು ಇ-ಮೇಲ್‌ಗಳಿಂದ ಆ ಪಿನ್ ಕದ್ದು, ಇತರರ ಹೆಸರಿನಲ್ಲಿ ಸಾಮಾನು ತರಿಸಿ, ಮುಖ ತೋರಿಸದೆ ಎತ್ತಿಕೊಂಡು ಹೋಗತೊಡಗಿದರು. ಮನುಷ್ಯರಿಲ್ಲದ ಕೌಂಟರಿನ ಅನುಕೂಲ ಮೋಸಗಾರರಿಗೂ ಅನುಕೂಲವೇ. 2012ರಲ್ಲಿ ಸ್ಥಿರ ಪಿನ್ ಕೈಬಿಟ್ಟು, ಪಾರ್ಸೆಲ್ ಬಂದಾಗಲೆಲ್ಲ ಎಸ್ಸೆಮ್ಮೆಸ್‌ನಲ್ಲಿ ಹೊಸ ಸಂಖ್ಯೆ ಕಳಿಸುವ ಕ್ರಮ ತಂದರು.

ಆದರೆ ಲಾಕರ್ ಒಂದು ದೇಶದ ದಿನನಿತ್ಯದ ಅಭ್ಯಾಸವಾದರೆ ಏನಾಗುತ್ತದೆ ಎಂದು ನೋಡಬೇಕಾದರೆ ಪೋಲೆಂಡಿಗೆ ಹೋಗಬೇಕು. ರಫಾವ್ ಬ್ಜೋಸ್ಕಾ ಎಂಬ ಉದ್ಯಮಿಯ ಇನ್‌ಪೋಸ್ಟ್ ಕಂಪನಿ 2009ರಲ್ಲಿ ಮೊದಲ ಯಂತ್ರಗಳನ್ನು ಇಟ್ಟಿತು. 2020ರ ಕೊನೆಗೆ ಅವು 10,000 ದಾಟಿದವು, 2023ರ ಕೊನೆಗೆ ಪೋಲೆಂಡ್ ಒಂದರಲ್ಲೇ 21,000ಕ್ಕೂ ಹೆಚ್ಚಾದವು. ತನ್ನ ಯಂತ್ರಕ್ಕೆ ಆ ಕಂಪನಿ ಇಟ್ಟ 'ಪಾಚ್ಕೊಮಾಟ್' ಎಂಬ ಹೆಸರೇ ಪೋಲಿಷ್ ಜನರ ಬಾಯಲ್ಲಿ ಎಲ್ಲ ಪಾರ್ಸೆಲ್ ಲಾಕರ್‌ಗಳ ಹೆಸರಾಗಿದೆ. ಸೂಪರ್ ಮಾರ್ಕೆಟಿನ ಗೋಡೆ, ಪೆಟ್ರೋಲ್ ಬಂಕಿನ ಮೂಲೆ, ವಸತಿ ಸಮುಚ್ಚಯದ ಅಂಗಳ, ಹಳ್ಳಿಯ ಅಂಗಡಿಯ ಪಕ್ಕ, ಎಲ್ಲೆಂದರಲ್ಲಿ ಆ ಹಳದಿ ಬಣ್ಣ ಕಾಣುತ್ತದೆ. ಖಾನೆಗಳ ಅಗಲ 38 ಸೆಂಟಿಮೀಟರ್, ಉದ್ದ 64 ಸೆಂಟಿಮೀಟರ್. ಎತ್ತರ ಮಾತ್ರ ಮೂರು ಬಗೆ: 8, 19 ಮತ್ತು 41 ಸೆಂಟಿಮೀಟರ್. ತೂಕದ ಮಿತಿ 25 ಕಿಲೋ. ಬಂದ ಪಾರ್ಸೆಲನ್ನು ಸಾಮಾನ್ಯವಾಗಿ 48 ಗಂಟೆಯೊಳಗೆ ತೆಗೆಯಬೇಕು. ಆ್ಯಪ್‌ನಲ್ಲಿ ಒಂದು ಗುಂಡಿ ಒತ್ತಿದರೆ, ಪರದೆ ಮುಟ್ಟದೆಯೇ ಬಾಗಿಲು ತೆರೆಯುತ್ತದೆ.

ಪೋಲೆಂಡಿನ ಯಶಸ್ಸಿನ ಗುಟ್ಟು ಯಂತ್ರದಲ್ಲಿಲ್ಲ, ಅದು ಇರುವ ಜಾಗದಲ್ಲಿದೆ. ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ದಿನಾ ಓಡಾಡುವ ದಾರಿಯಲ್ಲೇ ಲಾಕರ್ ಇದ್ದರೆ ಜನ ಬಳಸುತ್ತಾರೆ. ಅದಕ್ಕೆಂದೇ ಒಂದು ಕಿಲೋಮೀಟರ್ ಹೋಗಬೇಕಾದರೆ ಮನೆ ಬಾಗಿಲಿಗೇ ತಂದುಕೊಡಿ ಎನ್ನುತ್ತಾರೆ. ಯಂತ್ರಗಳು ವಿರಳವಾಗಿದ್ದಾಗ ಬಳಕೆ ಕಡಿಮೆ, ಬಳಕೆ ಕಡಿಮೆಯಾದರೆ ಹೊಸ ಯಂತ್ರಕ್ಕೆ ಹಣವಿಲ್ಲ. ಈ ಸುಳಿಯಿಂದ ಹೊರಬರಲು ವರ್ಷಗಟ್ಟಲೆ ನಷ್ಟ ತಡೆದುಕೊಳ್ಳುವ ಬಂಡವಾಳ ಬೇಕು. ಹಲವು ದೇಶಗಳಲ್ಲಿ ಲಾಕರ್ ಕಂಪನಿಗಳು ಸೋತಿದ್ದು ಇಲ್ಲೇ. ಹತ್ತಿರವಿದ್ದರೆ ಮಾತ್ರ ಪರಿಸರಕ್ಕೂ ಲಾಭ. ಒಂದೇ ನಿಲುಗಡೆಯಲ್ಲಿ ಐವತ್ತು ಪೊಟ್ಟಣ ಇಳಿಸುವ ವ್ಯಾನು ಡೀಸೆಲ್ ಉಳಿಸುತ್ತದೆ ನಿಜ, ಆದರೆ ಆ ಐವತ್ತು ಜನರೂ ಕಾರು ತೆಗೆದುಕೊಂಡು ಬಂದರೆ ಉಳಿಸಿದ್ದೆಲ್ಲ ಹೊಗೆಯಾಗಿ ಹೋಗುತ್ತದೆ.

ಯಂತ್ರ ಯಾರದ್ದು ಎಂಬ ಪ್ರಶ್ನೆಗೂ ಅಷ್ಟೇ ತೂಕವಿದೆ. ಪೋಲೆಂಡಿನಲ್ಲಿ ಇನ್‌ಪೋಸ್ಟಿನ ಗೆಲುವು ಕಂಡು ಅಲೆಗ್ರೊ ಎಂಬ ಆನ್‌ಲೈನ್ ಮಾರುಕಟ್ಟೆ, ಓರ್ಲೆನ್ ಎಂಬ ತೈಲ ಕಂಪನಿ ತಮ್ಮತಮ್ಮ ಬೀರುಗಳನ್ನು ತಂದವು. ಒಂದೇ ಗೋಡೆಗೆ ಮೂರು ಬಣ್ಣದ ಬೀರುಗಳು ನಿಂತವು. ಸಿಂಗಪುರ ಬೇರೆ ದಾರಿ ಹಿಡಿಯಿತು. ಅಲ್ಲಿ ಸರ್ಕಾರಿ ಒಡೆತನದ 'ಪಿಕ್' ಎಂಬ ಜಾಲ 2021ರಲ್ಲಿ ಶುರುವಾಗಿ, ಸರ್ಕಾರಿ ವಸತಿ ಬಡಾವಣೆಗಳ ಜನರಿಗೆ ಸುಮಾರು 250 ಮೀಟರ್ ಒಳಗೆ ಲಾಕರ್ ಸಿಗುವ ಗುರಿಯಿಂದ ಯಂತ್ರಗಳನ್ನು ಹಾಕಿತು. ಬೇರೆಬೇರೆ ಕೊರಿಯರ್ ಕಂಪನಿಗಳು ಅದನ್ನೇ ಹಂಚಿಕೊಳ್ಳಬಹುದು. ಬೀದಿ ಅಂಚೆ ಡಬ್ಬದಂತೆ ಲಾಕರೂ ಸಾರ್ವಜನಿಕ ಸೌಕರ್ಯ ಎಂಬ ಈ ನೋಟವೇ ಹೆಚ್ಚು ನ್ಯಾಯವಾದದ್ದು. ಫುಟ್‌ಪಾತು ಎಲ್ಲರದ್ದು, ಅದನ್ನು ಕಂಪನಿಗೊಂದರಂತೆ ಬೀರು ಇಟ್ಟು ತುಂಬಿಸಲಾಗದು.

ಖಾನೆಯ ಬಾಡಿಗೆ ಯಾರು ಕೊಡಬೇಕು ಎಂಬ ಜಗಳಕ್ಕೆ ಚೀನಾದ ಉದಾಹರಣೆ ಇದೆ. ಹೈವ್ ಬಾಕ್ಸ್ ಎಂಬ ಅಲ್ಲಿನ ದೊಡ್ಡ ಜಾಲ 2020ರಲ್ಲಿ, 12 ಗಂಟೆ ಮೀರಿ ಖಾನೆಯಲ್ಲಿ ಉಳಿದ ಪಾರ್ಸೆಲಿಗೆ ಅರ್ಧ ಯುವಾನ್ ಕೇಳಲು ಶುರುಮಾಡಿತು. ಮೊತ್ತ ಸಣ್ಣದು, ಆದರೂ ವಸತಿ ಸಮುಚ್ಚಯಗಳ ಜನ ತಿರುಗಿಬಿದ್ದರು. ಅವರ ಸಿಟ್ಟಿಗೆ ಕಾರಣವಿತ್ತು: ಎಷ್ಟೋ ಕೊರಿಯರ್‌ನವರು ಕೇಳದೆಯೇ ಪೊಟ್ಟಣವನ್ನು ಲಾಕರಿಗೆ ಹಾಕಿ ಹೋಗುತ್ತಿದ್ದರು. ತಾನು ಆರಿಸದ ಸೇವೆಗೆ ಹಣ ಯಾರು ಕೊಡುತ್ತಾರೆ? ಕೊನೆಗೆ ಕಂಪನಿ ಉಚಿತ ಅವಧಿಯನ್ನು 18 ಗಂಟೆಗೆ ಏರಿಸಿತು.

ಲಾಕರ್ ಎಲ್ಲರಿಗೂ ಒಗ್ಗುವುದಿಲ್ಲ. ಪರದೆಯೇ ಇಲ್ಲದ, ಬ್ಲೂಟೂತ್ ಮೂಲಕ ಆ್ಯಪ್‌ನಿಂದ ಮಾತ್ರ ತೆರೆಯುವ ಹೊಸ ಯಂತ್ರಗಳು ಅಗ್ಗ, ಅವಕ್ಕೆ ಸೌರಫಲಕವೇ ಸಾಕು. ಆದರೆ ಸ್ಮಾರ್ಟ್‌ಫೋನ್ ಇಲ್ಲದ ವೃದ್ಧರು ಅವುಗಳ ಮುಂದೆ ನಿಂತು ಮಾಡುವುದೇನೂ ಇಲ್ಲ. ಗಾಲಿಕುರ್ಚಿಯಲ್ಲಿ ಬರುವವರಿಗೆ ಮೇಲಿನ ಸಾಲು ಕೈಗೆಟುಕದು. ಅಂಥವರಿಗಾಗಿ ಇನ್‌ಪೋಸ್ಟ್ ಆ್ಯಪ್‌ನಲ್ಲಿ ಕೆಳಗಿನ ಖಾನೆಯನ್ನೇ ಕೇಳಿಕೊಳ್ಳುವ ಆಯ್ಕೆಯಿದೆ. ಉಳಿದವರೂ ಅನುಸರಿಸಬೇಕಾದ ಏರ್ಪಾಡು ಇದು.

ಭಾರತದಲ್ಲೂ ಪ್ರಯತ್ನಗಳು ನಡೆದಿವೆ. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ವಿಕ್‌ಪಾಡ್ ಇಂಥ ಲಾಕರ್‌ಗಳ ಜಾಲ ಕಟ್ಟಲು ಹೊರಟಿತ್ತು. ಅಂಚೆ ಇಲಾಖೆ ಕೋಲ್ಕತ್ತದ ಸಾಲ್ಟ್ ಲೇಕ್ ಭಾಗದ ಅಂಚೆ ಕಚೇರಿಯಲ್ಲಿ ಓಟಿಪಿ ಒತ್ತಿ ಪಾರ್ಸೆಲ್ ಪಡೆಯುವ ಲಾಕರ್ ಇಟ್ಟಿತು. ಆದರೂ ಪೋಲೆಂಡಿನಂತೆ ಇಲ್ಲಿ ಅದು ಹಬ್ಬಿಲ್ಲ. ಮನೆಗೆ ತಂದುಕೊಡುವ ದುಡಿಮೆ ಇಲ್ಲಿ ಅಗ್ಗ. ಅಪಾರ್ಟ್‌ಮೆಂಟಿನಲ್ಲಾದರೆ ಸೆಕ್ಯುರಿಟಿಯವರ ಮೇಜು, ಬೀದಿಮನೆಯಲ್ಲಾದರೆ ಪಕ್ಕದ ಮನೆ ಅಥವಾ ಎದುರಿನ ಕಿರಾಣಿ ಅಂಗಡಿ ಸಂಬಳವಿಲ್ಲದ ಲಾಕರಿನ ಕೆಲಸ ಮಾಡುತ್ತಿವೆ. ಜೊತೆಗೆ, ಸಾಮಾನು ಕೈಗೆ ಬಂದ ಮೇಲೆ ದುಡ್ಡು ಎಂಬ ಕ್ಯಾಷ್ ಆನ್ ಡೆಲಿವರಿ ರೂಢಿ ಇನ್ನೂ ಗಟ್ಟಿಯಾಗಿದೆ, ನೋಟು ಎಣಿಸುವ ಕೆಲಸ ಬೀರುವಿಗೆ ಬಾರದು. ಈ ಕೊನೆಯ ಅಡ್ಡಿ ಮಾತ್ರ ಸಡಿಲವಾಗುತ್ತಿದೆ. ಪೋಲೆಂಡಿನಲ್ಲಿ ಬಾಕಿ ಹಣವನ್ನು ಮೊದಲು ಆನ್‌ಲೈನ್‌ನಲ್ಲಿ ಕಟ್ಟಿದರೆ ಮಾತ್ರ ಲಾಕರಿನ ಬಾಗಿಲು ತೆರೆಯುತ್ತದೆ. ತರಕಾರಿ ಗಾಡಿಯಲ್ಲೂ ಯುಪಿಐ ನಡೆಯುವ ಊರುಗಳಲ್ಲಿ ಅದೇ ಕ್ರಮ ತರಲು ಹೊಸ ತಂತ್ರಜ್ಞಾನವೇನೂ ಬೇಕಿಲ್ಲ. ಬೇಕಿರುವುದು ಮೆಟ್ರೋ ನಿಲ್ದಾಣ, ಬಸ್ ನಿಲ್ದಾಣ, ಅಂಚೆ ಕಚೇರಿಯ ಅಂಗಳಗಳಲ್ಲಿ ಎಲ್ಲ ಕೊರಿಯರ್‌ನವರಿಗೂ ತೆರೆದಿರುವ ಜಾಗ.