ಕೆರೆಯಲ್ಲಿ ಬೆಳೆವ ಕೊಂಬಿನ ಕಾಯಿ!

ಸೆಪ್ಟೆಂಬರ್ ತಿಂಗಳಲ್ಲಿ ಚೀನಾದ ಜಿಯಾಂಗ್‌ನಾನ್ ಸೀಮೆಯ ಸಂತೆಗೆ ಹೊಕ್ಕವರ ಕಾಲು ಈ ರಾಶಿಯ ಮುಂದೆ ತಾನಾಗಿ ನಿಲ್ಲುತ್ತದೆ. ಕಪ್ಪು ಬಣ್ಣ, ಗಟ್ಟಿ ಸಿಪ್ಪೆ, ಎರಡೂ ಬದಿಗೆ ಬಾಗಿದ ಚೂಪು ಕೊಂಬು. ಎಮ್ಮೆಯ ತಲೆಗಳನ್ನು ಅಂಗೈಯಗಲಕ್ಕೆ ಕುಗ್ಗಿಸಿ ಗುಡ್ಡೆ ಹಾಕಿದಂತಿದೆ! ತೂಕ ಮಾಡಿ ಕೊಡುತ್ತಿದ್ದಾರೆಂದರೆ ತಿನ್ನುವ ವಸ್ತುವೇ ಇರಬೇಕು. ಆದರೆ ತಿನ್ನುವುದು ಎಲ್ಲಿಂದ?

ಇದು ಲಿಂಗ್‌ಜಿಯಾವ್. ಸಸ್ಯಶಾಸ್ತ್ರದಲ್ಲಿ ಟ್ರಾಪಾ ಬೈಕಾರ್ನಿಸ್. ಚೈನೀಸ್ ಹೋಟೆಲಿನ ಪಲ್ಯದಲ್ಲಿ ಕರುಂ ಎನ್ನುವ ವಾಟರ್ ಚೆಸ್ಟ್‌ನಟ್ ಅಲ್ಲವೇ ಅಲ್ಲ. ಅದು ಜೊಂಡಿನ ಜಾತಿಯ ಗಿಡದ, ಕೆಸರೊಳಗಿನ ಗೆಡ್ಡೆ. ಇದು ತೇಲುವ ಗಿಡದ ಕಾಯಿ. ಉಪವಾಸದ ಅಡುಗೆಗೆ ಬಳಸುವ ಸಿಂಘಾಡ ಹಿಟ್ಟು ಬರುವುದೂ ಇದರ ಖಾಸಾ ನೆಂಟನಿಂದಲೇ!

ಗಿಡ ನೋಡಿದರಂತೂ ಬೆರಗು ಇನ್ನೂ ಹೆಚ್ಚು. ಬೇರು ಕೆರೆಯ ತಳದ ಕೆಸರಲ್ಲಿ, ಎಲೆಗಳು ನೀರ ಮೇಲೆ ವೃತ್ತಾಕಾರವಾಗಿ. ಎಲೆಯ ತೊಟ್ಟು ಉಬ್ಬಿ, ಒಳಗೆ ಗಾಳಿ ತುಂಬಿಕೊಂಡು ಗಿಡವನ್ನು ತೇಲಿಸುತ್ತದೆ. ನಾಲ್ಕೆಸಳಿನ ಪುಟ್ಟ ಬಿಳಿ ಹೂ ಅರಳಿ ಕಾಯಿ ಕಟ್ಟಿದ್ದೇ ತಡ, ತೊಟ್ಟು ಬಾಗಿ ನೀರೊಳಗೆ ಇಳಿಯುತ್ತದೆ. ಆ ಭಯಂಕರ ಕೊಂಬುಗಳೋ? ಹೂವನ್ನು ಹೊರಗಿನಿಂದ ಅಪ್ಪಿಕೊಂಡಿದ್ದ ಮೆತ್ತನೆಯ ಹಸಿರು ದಳಗಳು! ಎಸಳು ಉದುರಿದರೂ ಅವು ಉದುರದೆ, ಬೆಳೆದು, ಗಡುಸಾಗಿ ಕೊಂಬಾಗುತ್ತವೆ. ಇಷ್ಟೂ ಸಾಲದೆಂಬಂತೆ, ಜಿಯಾಶಿಂಗ್ ನಗರದ ನಾನ್‌ಹು ಸರೋವರದಲ್ಲಿ ಕೊಂಬೇ ಇಲ್ಲದ ಹಸಿರು ತಳಿಯೂ ಇದೆ! ಕೊಯ್ಲಿಗೆ ಹೋಗುವವರು ಅಗಲವಾದ ಮರದ ತೊಟ್ಟಿಯೊಳಗೆ ಕೂತು, ಕೈಯಿಂದಲೇ ನೀರು ತಳ್ಳುತ್ತ ಸಾಗಿ, ಎಲೆ ಎತ್ತಿ ಅಡಿಯ ಕಾಯಿ ಕೀಳುತ್ತಾರೆ.

ಸರಿ, ಒಲೆ ಹಚ್ಚೋಣ. ಕಾಯಿಗಳನ್ನು ನೀರಿಗೆ ಹಾಕಿ: ಮುಳುಗಿದ್ದು ಬಲಿತದ್ದು, ತೇಲಿದ್ದು ಎಳೆಯದು. ಎಳೆಯದನ್ನು ಅಲ್ಲಿನವರು ಹಸಿಯಾಗಿಯೂ ಮೆಲ್ಲುವುದುಂಟು. ನಮಗೆ ಆ ಸಾಹಸ ಬೇಡ. ನೀರುಗಿಡಗಳಿಗೆ ಅಂಟಿಕೊಂಡು ಬರುವ ಫ್ಯಾಸಿಯೊಲಾಪ್ಸಿಸ್ ಎಂಬ ಕರುಳಿನ ಚಪ್ಪಟೆಹುಳು, ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ಸುಲಿಯುವಾಗಲೇ ಹೊಟ್ಟೆ ಸೇರಬಹುದು. ಚೆನ್ನಾಗಿ ಕುದಿಸಿದರೆ ಆ ಭಯವಿಲ್ಲ. ಬಲಿತ ಕಾಯಿಯ ಕೆಸರು ಉಜ್ಜಿ ತೆಗೆದು, ಮುಳುಗುವಷ್ಟು ನೀರು, ಉಪ್ಪು, ಮನಸ್ಸಿದ್ದರೆ ಒಂದು ಚಕ್ರಮೊಗ್ಗು ಹಾಕಿ ಅರ್ಧ ಗಂಟೆ ಬೇಯಿಸಿ. ಆರಿದ ಮೇಲೆ ನಟ್ಟನಡುವೆ ಚಾಕು ಇಟ್ಟು ಒತ್ತಿ. ಅಬ್ಬಾ! ಅಷ್ಟು ಕಪ್ಪು ಸಿಪ್ಪೆಯೊಳಗೆ ಇಷ್ಟು ಬಿಳಿಯ ತಿರುಳು! ಹಿಟ್ಟುಹಿಟ್ಟಾಗಿ ಬೆಂದು, ತುಸು ಸಿಹಿಯಾಗಿ, ಜಗಿದಷ್ಟೂ ಹಿತ. ತೈವಾನಿನಲ್ಲಿ ಇದನ್ನೇ ಹಂದಿಯ ಪಕ್ಕೆಲುಬಿನೊಂದಿಗೆ ಸೂಪ್ ಮಾಡುತ್ತಾರೆ.

ಇಂಥ ಕೊಂಬುಗಳನ್ನು ಕಂಡೂ ಹೆದರದೆ ಮೊದಲು ಬಾಯಿಗಿಟ್ಟವರು ಯಾರೋ! ಝೆಜಿಯಾಂಗ್ ಪ್ರಾಂತ್ಯದಲ್ಲಿ ಹೆಮುಡು ಸಂಸ್ಕೃತಿಯ ನೆಲೆಗಳನ್ನು ಅಗೆದಾಗ, ಸುಮಾರು 7,000 ವರ್ಷ ಹಿಂದಿನ ಅಕ್ಕಿಯ ಜೊತೆಗೆ ಈ ಕಾಯಿಯ ಅವಶೇಷಗಳೂ ಸಿಕ್ಕಿವೆ. ಭತ್ತದ ಬೇಸಾಯ ಇನ್ನೂ ಕುದುರುತ್ತಿದ್ದ ಆ ಕಾಲದಲ್ಲೇ ಇದು ಅನ್ನದ ಪಕ್ಕದಲ್ಲಿ ಜಾಗ ಹಿಡಿದು ಕೂತಿತ್ತು!